ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿ? ಹೆಪಟೈಟಿಸ್ ವಾರ್ಡಿನಲ್ಲಿ ನನ್ನ ಅನುಭವ

ವೈರಸ್ಸಿನಿಂದ ಲಿವರ್ ಊದಿಕೊಳ್ಳುವ ಹೆಪಟೈಟಿಸ್ ಕಾಯಿಲೆಯ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ನಾನು. ಬಂದವರೆಲ್ಲ ವೈರಸ್ ಎಷ್ಟಿದೆ, ಲಿವರ್ ಹೇಗಿದೆ ಅಂತ ಕೇಳುತ್ತಾರೆ. ತಲೆಯ ವಿಷಯ ಯಾರೂ ಎತ್ತುವುದಿಲ್ಲ. ಹಾಗಾಗಿ ನಾನೇ ಕೇಳುತ್ತೇನೆ. ಮರೆವು, ಮಂಕು, ಸಣ್ಣದಕ್ಕೂ ಸಿಟ್ಟು, ರಾತ್ರಿ ನಿದ್ದೆ ಇಲ್ಲದೆ ಹಗಲು ತೂಕಡಿಕೆ, ಇವೆಲ್ಲ ಎಷ್ಟೋ ಸಲ ಈ ಕಾಯಿಲೆಯದೇ ಲಕ್ಷಣ. ಮನೆಯವರು ‘ವಯಸ್ಸಾಯ್ತಲ್ಲ’ ಅಂದುಕೊಂಡು ಸುಮ್ಮನಾಗಿರುತ್ತಾರೆ.

ಹೀಗೆ ಕೇಳುವ ಅಭ್ಯಾಸ ಬಂದಿದ್ದು ಇಂಟರ್‌ಫೆರಾನ್ ಕಾಲದಲ್ಲಿ. ಹೆಪಟೈಟಿಸ್ ಸಿ ಗೆ ಆಗ ಇದ್ದದ್ದು ಅದೊಂದೇ. ವಾರಕ್ಕೊಂದು ಇಂಜೆಕ್ಷನ್, ಜೊತೆಗೆ ದಿನಾ ರಿಬಾವಿರಿನ್ ಮಾತ್ರೆ. ವೈರಸ್ಸಿನ ಬಗೆ ನೋಡಿ 24 ವಾರವೋ 48 ವಾರವೋ. ಮೊದಲು ಚಳಿಜ್ವರ, ಮೈಕೈ ನೋವು ಬರುತ್ತಿತ್ತು. ಅದಕ್ಕೆ ಪ್ಯಾರಾಸಿಟಮಾಲ್ ಸಾಕಾಗುತ್ತಿತ್ತು. ಕಷ್ಟದ್ದು ಆಮೇಲೆ ಶುರುವಾಗುತ್ತಿತ್ತು. ಚೆನ್ನಾಗಿ ಮಾತಾಡುತ್ತಿದ್ದವರು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಅಂಗಡಿ ಲೆಕ್ಕ ತಪ್ಪುತ್ತಿತ್ತು. ಸುಮ್ ಸುಮ್ನೆ ಅಳು. ಇಂಟರ್‌ಫೆರಾನ್ ದೇಹದಲ್ಲಿರುವ ಟ್ರಿಪ್ಟೊಫಾನ್ ಅನ್ನು ಬೇರೆ ದಾರಿಗೆ ಎಳೆದುಬಿಡುತ್ತದೆ. ಮನಸ್ಸನ್ನು ಸಮಸ್ಥಿತಿಯಲ್ಲಿಡುವ ಸೆರೊಟೋನಿನ್ ತಯಾರಾಗಲು ಬೇಕಾದ್ದು ಅದೇ. ಕೆಲವರಿಗೆ ಥೈರಾಯ್ಡ್ ಕೂಡ ಕೆಡುತ್ತಿತ್ತು. ಇಂಜೆಕ್ಷನ್ ಕೊಡುವ ಮೊದಲು ಮನೆಯವರನ್ನು ಹೊರಗೆ ಕೂರಿಸಿ, ‘ಬದುಕೋದೇ ಬೇಡ ಅನ್ನೋ ಯೋಚನೆ ಬರುತ್ತಾ?’ ಅಂತ ನೇರವಾಗಿ ಕೇಳುತ್ತಿದ್ದೆ. ಹೌದು ಅಂದವರೂ ಇದ್ದರು. ಅವತ್ತು ಇಂಜೆಕ್ಷನ್ ನಿಲ್ಲಿಸಿ, ಡಾಕ್ಟರಿಗೆ ಹೇಳಿ, ಮನೋವೈದ್ಯರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತಿದ್ದೆ.

ಈಗ ಆ ಸಂಕಟ ಹೆಚ್ಚುಕಡಿಮೆ ಮುಗಿದಿದೆ. 2015ರಲ್ಲಿ ಸೋಫೋಸ್ಬುವಿರ್ ಅನ್ನೋ ಹೆಪಟೈಟಿಸ್ ಸಿ ಮಾತ್ರೆ ಭಾರತಕ್ಕೆ ಬಂತು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಔಷಧಿ ಉಚಿತ. ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗುವ ತೊಂದರೆ, ಇಲ್ಲದವರಿಗೆ ಸೋಫೋಸ್ಬುವಿರ್, ಡಕ್ಲಾಟಾಸ್ವಿರ್ ಮಾತ್ರೆ ದಿನಾ, 12 ವಾರ. ಇವು ಮನಸ್ಸನ್ನು ಹಾಗೆ ಕುಗ್ಗಿಸುವುದಿಲ್ಲ. ಆದರೆ ಒಂದನ್ನು ತಪ್ಪದೆ ಕೇಳುತ್ತೇನೆ: ‘ಫಿಟ್ಸ್‌ಗೆ ಮಾತ್ರೆ ತಗೊಳ್ತೀರಾ?’ ಫೆನಿಟಾಯಿನ್, ಕಾರ್ಬಮಾಜೆಪಿನ್‌ನಂಥ ಫಿಟ್ಸ್ ಮಾತ್ರೆ ಇದ್ದರೆ ಹೆಪಟೈಟಿಸ್ ಔಷಧಿಗಳು ರಕ್ತದಲ್ಲಿ ನಿಲ್ಲುವುದಿಲ್ಲ. ಹಾಗಂತ ಫಿಟ್ಸ್ ಮಾತ್ರೆಯನ್ನು ತಾವೇ ಬಿಡುವ ಹಾಗೂ ಇಲ್ಲ. ನರರೋಗ ತಜ್ಞರು ಬೇರೆ ಮಾತ್ರೆಗೆ ಬದಲಾಯಿಸಿದ ಮೇಲೆಯೇ ಚಿಕಿತ್ಸೆ ಶುರು.

ಇನ್ನು ಕಾಯಿಲೆಯೇ ತರುವ ಮಂಕಿನ ವಿಷಯ. ಲಿವರ್ ಅಷ್ಟಾಗಿ ಕೆಡದವರೂ ‘ತಲೆ ಓಡಲ್ಲ ಸಿಸ್ಟರ್, ಓದಿದ್ದು ನಿಲ್ಲಲ್ಲ’ ಅನ್ನುತ್ತಾರೆ. ಇದು ಬರೀ ಕಲ್ಪನೆಯಲ್ಲ. 2001ರಲ್ಲೇ ಲಂಡನ್ನಿನ ವೈದ್ಯರು ಅಂಥವರ ಮಿದುಳನ್ನು ಎಂಆರ್ ಸ್ಪೆಕ್ಟ್ರೋಸ್ಕೋಪಿ ಅನ್ನೋ, ರಾಸಾಯನಿಕಗಳನ್ನು ಅಳೆಯುವ ಸ್ಕ್ಯಾನಿನಲ್ಲಿ ನೋಡಿ, ರಾಸಾಯನಿಕ ವ್ಯತ್ಯಾಸ ಕಂಡು ಪ್ರಕಟಿಸಿದ್ದರು. ಸಿರೋಸಿಸ್ ಆದವರ ಕಥೆ ಬೇರೆ. ಕರುಳಲ್ಲಿ ಹುಟ್ಟುವ ಅಮೋನಿಯಾವನ್ನು ಲಿವರ್ ಸೋಸಬೇಕು. ಅದು ಸೋತಾಗ ಅಮೋನಿಯಾ ಮಿದುಳಿಗೆ ಹೋಗುತ್ತದೆ, ಅಲ್ಲಿನ ಜೀವಕೋಶಗಳು ಉಬ್ಬುತ್ತವೆ. ಜಾಸ್ತಿಯಾದರೆ ಕೈ ಚಾಚಿದಾಗ ಮಣಿಕಟ್ಟು ಪಟಪಟ ಬೀಳುತ್ತದೆ, ದಾರಿ ತಪ್ಪುತ್ತದೆ, ಪ್ರಜ್ಞೆಯೂ ಹೋಗಬಹುದು. ಶುರುವಿನಲ್ಲಿ ಮಾತ್ರ ಕಣ್ಣಿಗೆ ಏನೂ ಕಾಣುವುದಿಲ್ಲ.

ಆ ಶುರುವನ್ನು ಹಿಡಿಯುವುದೇ ನನ್ನ ಮುಖ್ಯ ಕೆಲಸ. ಅಂಕಿಗಳನ್ನು ಸಾಲಾಗಿ ಜೋಡಿಸುವ ಪರೀಕ್ಷೆ ಹಳೆಯದು. ಓದು ಬಾರದವರಿಗೆ ಅದು ಆಗುವುದಿಲ್ಲ. ಇಟಲಿಯ ವೈದ್ಯರು 2017ರಲ್ಲಿ ಹೇಳಿದ ದಾರಿ ಸುಲಭ. ಒಂದು ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು ಪ್ರಾಣಿಗಳ ಹೆಸರು ಹೇಳಬೇಕು. ಪೆನ್ನು, ಪೇಪರ್, ದುಡ್ಡು ಏನೂ ಬೇಡ. 15ಕ್ಕಿಂತ ಜಾಸ್ತಿ ಹೇಳಿದರೆ ಸಮಾಧಾನ. 10ಕ್ಕಿಂತ ಕಡಿಮೆ ಇದ್ದರೆ ಡಾಕ್ಟರು ಅವತ್ತೇ ನೋಡಬೇಕು. ನಡುವೆ ಇದ್ದರೆ ಒಳಗೊಳಗೇ ಶುರುವಾಗಿದೆ ಅಂತ ಅನುಮಾನ. ಕಡಿಮೆ ಓದಿದವರಿಗೂ 80 ದಾಟಿದವರಿಗೂ ಲೆಕ್ಕ ಸ್ವಲ್ಪ ಸಡಿಲ. ಹಕ್ಕಿ, ಮೀನು, ಹಾವು ಏನು ಹೇಳಿದರೂ ನಾನು ಎಣಿಸುತ್ತೇನೆ. ಹೇಳಿದ್ದನ್ನೇ ಮತ್ತೆ ಹೇಳಿದರೆ ಬಿಡುತ್ತೇನೆ. ಮಗನೋ ಸೊಸೆಯೋ ಪಕ್ಕದಿಂದ ಪಿಸುಗುಟ್ಟಬಾರದು, ಅದನ್ನು ತಡೆಯುವುದೇ ದೊಡ್ಡ ಕೆಲಸ!

ಒಬ್ಬ ಹಿರಿಯರು ಬಂದಿದ್ದರು. ಹುಟ್ಟಿದಾಗಿನಿಂದ ಕುರಿ ಕಾದವರು. ಹಿಂದೆ ಯಾವಾಗಲೋ ರಕ್ತ ಹಾಕಿಸಿಕೊಂಡಿದ್ದರು. ರಕ್ತದಾನಿಗಳಿಗೆ ಹೆಪಟೈಟಿಸ್ ಸಿ ಪರೀಕ್ಷೆ ನಮ್ಮಲ್ಲಿ ಕಡ್ಡಾಯವಾಗುವುದಕ್ಕೂ ಮುಂಚಿನ ಮಾತು. ‘ಕುರಿ, ಮೇಕೆ, ಟಗರು, ನಾಯಿ, ತೋಳ’ ಅಂತ ಬಿರಬಿರನೆ ಹೇಳಿದರು. ಆಮೇಲೆ ಕಿಟಕಿ ನೋಡಿದರು. ‘ಎಮ್ಮೆ... ಕುರಿ...’ ಅಂದರು. ಮತ್ತೆ ‘ಕುರಿ’. ನಿಮಿಷ ಮುಗಿಯಿತು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು, ‘ರಾತ್ರಿಯೆಲ್ಲ ಎದ್ದು ಓಡಾಡ್ತಾರಮ್ಮ, ಕುರಿ ಎಣಿಸೋದು ತಪ್ತದೆ’ ಅಂದರು.

ವಿಚಾರಿಸಿದರೆ ಅವರಿಗೆ ಮೂರು ನಾಲ್ಕು ದಿನಕ್ಕೊಮ್ಮೆ ಸಂಡಾಸು. ನಿದ್ದೆಗೆ ಅಂತ ಊರಿನ ಅಂಗಡಿಯಿಂದ ಯಾವುದೋ ಮಾತ್ರೆ ಬೇರೆ. ಯಾರೋ ಹೇಳಿದರು ಅಂತ ಬೇಳೆ, ಮೊಟ್ಟೆ ನಿಲ್ಲಿಸಿದ್ದರು. ಡಾಕ್ಟರು ನಿದ್ದೆ ಮಾತ್ರೆ ಬಿಡಿಸಿ, ಲ್ಯಾಕ್ಟುಲೋಸ್ ಬರೆದರು. ಆ ಸಿಹಿ ಸಿರಪ್ಪು ಕರುಳನ್ನು ಹುಳಿಯಾಗಿಸಿ ಅಮೋನಿಯಾವನ್ನು ಅಲ್ಲೇ ಕಟ್ಟಿಹಾಕಿ ಹೊರಗೆ ತಳ್ಳುತ್ತದೆ. ಅಳತೆ ಹೇಗೆ ಅಂತ ನಾನು ಹೆಂಡತಿಗೆ ಹೇಳಿಕೊಟ್ಟೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೋಗಬೇಕು. ಕಡಿಮೆಯಾದರೆ ಸ್ವಲ್ಪ ಜಾಸ್ತಿ ಕೊಡಿ, ನೀರಾಗಿ ಹೋದರೆ ತಗ್ಗಿಸಿ. ಭೇದಿಯಾಗಿ ನೀರು ಬತ್ತಿದರೆ ಮಂಕು ಇನ್ನೂ ಹೆಚ್ಚುತ್ತದೆ. ಬೇಳೆ, ಮೊಸರು, ಮೊಟ್ಟೆ ಎಲ್ಲ ತಿನ್ನಲಿ. ಮಾಂಸಖಂಡ ಕೂಡ ಅಮೋನಿಯಾ ತೆಗೆಯುತ್ತದೆ, ಅದು ಕರಗಬಾರದು. ಮಲಗುವ ಮುಂಚೆ ಒಂದು ಲೋಟ ರಾಗಿ ಗಂಜಿ. ರಾತ್ರಿಯಿಡೀ ಖಾಲಿ ಹೊಟ್ಟೆ ಬೇಡ.

ಮುಂದಿನ ತಿಂಗಳು ಬಂದಾಗ ಅವರು ಹದಿನಾರರವರೆಗೆ ಹೋದರು. ಹದಿನೇಳನೆಯದಕ್ಕೆ ‘ಗುಬ್ಬಿ ನಡೀತದಾ?’ ಅಂತ ಕೇಳಿದರು. ನಡೆಯುತ್ತೆ ಅಂದೆ.

ಸಿರೋಸಿಸ್ ಇದ್ದದ್ದರಿಂದ ಅವರಿಗೆ ಸೋಫೋಸ್ಬುವಿರ್ ಜೊತೆ ವೆಲ್ಪಟಾಸ್ವಿರ್ ಕೊಟ್ಟರು. ಮಾತ್ರೆ ಮುಗಿದು 12 ವಾರಕ್ಕೆ ಪರೀಕ್ಷೆ ಮಾಡಿದಾಗ ವೈರಸ್ ಇರಲಿಲ್ಲ. ಎಷ್ಟೋ ಜನ ಆ ಹೊತ್ತಿಗೆ ‘ತಲೆ ಹಗುರಾಯ್ತು’ ಅನ್ನುತ್ತಾರೆ. ಎಲ್ಲರೂ ಅಲ್ಲ. ವೈರಸ್ ಹೋದರೂ ಗಟ್ಟಿಯಾದ ಲಿವರ್ ಒಂದೇ ದಿನಕ್ಕೆ ಸರಿಹೋಗಲ್ಲ ಅಲ್ವಾ? ಹಾಗಾಗಿ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಆಗಬೇಕು. ಡಾಕ್ಟರು ಹೇಳುವವರೆಗೆ ಸಿರಪ್ಪೂ ನಿಲ್ಲಿಸುವಂತಿಲ್ಲ.

ಇನ್ನೊಂದನ್ನು ಹೇಳಲೇಬೇಕು. ಹೆಪಟೈಟಿಸ್ ಎ ಅಥವಾ ಇ ಇಂದ ಕಾಮಾಲೆ ಬಂದಾಗ ನಮ್ಮ ಕಡೆ ಮೊದಲು ಹೋಗುವುದು ನಾಟಿ ಮದ್ದಿಗೆ. ಕಾಮಾಲೆ ಇದ್ದವರು ಅಡ್ಡಾದಿಡ್ಡಿ ಮಾತಾಡಿದರೆ, ಎಬ್ಬಿಸಿದರೂ ಏಳದೆ ಮಲಗಿದರೆ, ಲಿವರ್ ಕೈಬಿಡುತ್ತಿದೆ ಅಂತ ಅರ್ಥ. ಗರ್ಭಿಣಿಯರಿಗೆ ಹೆಪಟೈಟಿಸ್ ಇ ಬಂದರಂತೂ ಇನ್ನೂ ಅಪಾಯ. ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಐಸಿಯು ಇರುವ ದೊಡ್ಡ ಆಸ್ಪತ್ರೆಗೇ ಕರೆದುಕೊಂಡು ಹೋಗಿ.