ಉರಿಮೂತ್ರಕ್ಕೆ ಸಿಪ್ರೋ ಬರೆಯೋದು ಬಿಟ್ಟ ಮೇಲೆ

ತೀರ್ಥಹಳ್ಳಿ ಕಡೆ ಸಣ್ಣ ಕ್ಲಿನಿಕ್ ನಂದು. ಅಡಿಕೆ ಸುಲಿಯೋ ಸೀಸನ್ ಶುರುವಾಯ್ತು ಅಂದ್ರೆ ಎರಡು ಕೇಸ್ ಗ್ಯಾರಂಟಿ, ಒಂದು ಮೆಟ್ಟುಗತ್ತಿ ತಾಗಿದ ಬೆರಳು, ಇನ್ನೊಂದು ಹೆಂಗಸ್ರು ಬಾಗಿಲು ಮುಂದೆ ಮಾಡ್ಕೊಂಡು ಮೆಲ್ಲಗೆ ಹೇಳೋದು, "ಡಾಕ್ಟ್ರೇ, ಒಂದಕ್ಕೆ ಹೋದ್ರೆ ಉರಿ, ಬಂದು ಕೂತ್ರೆ ಮತ್ತೆ ಹೋಗ್ಬೇಕು ಅನ್ಸತ್ತೆ, ಉಷ್ಣ ಆಗಿರ್ಬೇಕು."

ಮೊದ್ಲು ನನ್ ಕೈ ತಾನಾಗೇ ಸಿಪ್ರೋ (ಸಿಪ್ರೋಫ್ಲಾಕ್ಸಾಸಿನ್ ಅನ್ನೋ ಆ್ಯಂಟಿಬಯೋಟಿಕ್) ಬರೆದುಬಿಡ್ತಿತ್ತು, ಜೊತೆಗೆ ಉರಿ ತಗ್ಗಲಿ ಅಂತ ಒಂದು ಸಿಟ್ರೇಟ್ ಸಿರಪ್. ಆಮೇಲೆ ವಾಸಿ ಆಗ್ದೆ ವಾಪಸ್ ಬಂದೋರ ಯೂರಿನ್ ಶಿವಮೊಗ್ಗಕ್ಕೆ ಕಲ್ಚರ್‌ಗೆ (ಕ್ರಿಮಿ ಬೆಳೆಸಿ ಅದು ಯಾವ ಔಷಧಿಗೆ ಬಗ್ಗತ್ತೆ ಅಂತ ನೋಡೋ ಟೆಸ್ಟ್) ಕಳಿಸಿದ್ರೆ ಇ ಕೋಲಿ ಅನ್ನೋ ಬ್ಯಾಕ್ಟೀರಿಯಾ, ಸಿಪ್ರೋ ಎದುರು 'ಆರ್', ಅಂದ್ರೆ ರೆಸಿಸ್ಟೆಂಟ್, ಈ ಔಷಧಿಗೆ ಬಗ್ಗಲ್ಲ ಅಂತ, ಮತ್ತೊಬ್ಬರದ್ದು ನೋಡಿದ್ರೆ ಅದೇ ಕತೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಹೇಳಿತ್ತು, ಬೇರೆ ಔಷಧಿ ಇರುವಾಗ ಸಾದಾ ಉರಿಮೂತ್ರಕ್ಕೆ ಸಿಪ್ರೋ ಗುಂಪಿನ ಮಾತ್ರೆ ಬೇಡ, ಹಿಮ್ಮಡಿ ಮೇಲಿನ ಟೆಂಡನ್‌ಗೆ (ಸ್ನಾಯುವನ್ನ ಮೂಳೆಗೆ ಕಟ್ಟೋ ಹುರಿ), ನರಗಳಿಗೆ ತೊಂದ್ರೆ ಆಗ್ಬಹುದು ಅಂತ. ದಿನಾ ಗುಡ್ಡ ಹತ್ತಿಳಿಯೋರಿಗೆ ನಾನು ಅದನ್ನೇ ಕೊಡ್ತಾ ಕೂತಿದ್ದೆ.

ಈಗ ಮೊದಲ ಆಯ್ಕೆ ನೈಟ್ರೋಫ್ಯುರಾಂಟಾಯಿನ್ ಅನ್ನೋ ಬೇರೆ ಆ್ಯಂಟಿಬಯೋಟಿಕ್, 100 ಎಂಜಿ ಎಸ್ಆರ್ (ನಿಧಾನಕ್ಕೆ ಬಿಡುಗಡೆ ಆಗೋ) ಮಾತ್ರೆ, ದಿನಕ್ಕೆರಡು, 5 ದಿನ, ಊಟ ಆದ್ಮೇಲೇ. ಮೂತ್ರ ತೆಳು ಅಡಿಕೆ ಚೊಗರಿನ ಹಾಗೆ ಕಂದು ಬಣ್ಣಕ್ಕೆ ತಿರುಗಬಹುದು, ಹೆದರಬೇಡಿ ಅಂತ ಮೊದಲೇ ಹೇಳಿರ್ತೀನಿ, ಇಲ್ದಿದ್ರೆ ರಕ್ತ ಹೋಗ್ತಿದೆ ಅಂತ ರಾತ್ರಿ ಹತ್ತಕ್ಕೆ ಫೋನ್ ಬರತ್ತೆ. ಫಾಸ್ಫೋಮೈಸಿನ್ ಅಂತ 3 ಗ್ರಾಂ ಪುಡಿ ಇದೆ, ನೀರಲ್ಲಿ ಕದಡಿ ಒಂದೇ ಸಲ ಕುಡಿದ್ರೆ ಮುಗೀತು, ಆದ್ರೆ ದುಬಾರಿ, ಹಾಗಾಗಿ ಐದು ದಿನ ಮಾತ್ರೆ ನುಂಗೋರಲ್ಲ ಅಂತ ಗೊತ್ತಿದ್ದೋರಿಗೆ ಮಾತ್ರ.

ಇಲ್ಲೊಂದು ಎಡವಟ್ಟು ಮಾಡಿದೆ. ಸಿಪ್ರೋ ಬಿಟ್ಟೆ, ಸಿರಪ್ ಬಿಡ್ಲಿಲ್ಲ. ನಾಲ್ಕನೇ ದಿನ ಒಬ್ಬಾಕೆ ಬಂದ್ರು, ಉರಿ ಹಾಗೇ ಇದೆ. ಕಲ್ಚರ್ ಬಂತು, ನೈಟ್ರೋಫ್ಯುರಾಂಟಾಯಿನ್‌ಗೆ ಸರಿಯಾಗಿ ಬಗ್ಗೋ ಕ್ರಿಮಿನೇ. ಎಂತದಪ್ಪ ಇದು ಅಂತ ಪುಸ್ತಕ ತೆಗೆದು ನೋಡಿದ್ರೆ ಆ ಮಾತ್ರೆ ಚೆನ್ನಾಗಿ ಕೆಲಸ ಮಾಡೋದು ಹುಳಿ ಇರೋ ಮೂತ್ರದಲ್ಲಿ, ನಾನು ಕೊಟ್ಟ ಸಿರಪ್ ಮಾಡೋದೇ ಆ ಹುಳಿ ತೆಗೆಯೋ ಕೆಲಸ! ಆಕೆ ಪಾಪ ಸಿರಪ್ ಮಾತ್ರ ಮೂರು ಹೊತ್ತೂ ತಪ್ಪಿಸಿರ್ಲಿಲ್ಲ. ಅದೊಂದೇ ಕಾರಣ ಅಂತ ಪ್ರಮಾಣ ಮಾಡಕ್ಕಾಗಲ್ಲ, ಆದ್ರೆ ಅವತ್ತಿಂದ ಎರಡನ್ನೂ ಒಟ್ಟಿಗೆ ಬರೆದಿಲ್ಲ.

ಎಲ್ರಿಗೂ ಕಲ್ಚರ್ ಮಾಡ್ಸಲ್ಲ. ಉರಿ ಇದೆ, ಪದೇ ಪದೇ ಹೋಗ್ಬೇಕು, ಬಿಳಿ ಹೋಗೋದು ತುರಿಕೆ ಇಲ್ಲ ಅಂದ್ರೆ ಅಷ್ಟು ಸಾಕು. ಬಸುರಿ, ಗಂಡಸರು, ಪದೇ ಪದೇ ಬರೋರು, ಇವ್ರಿಗೆ ಕಲ್ಚರ್ ಬೇಕೇ ಬೇಕು. ಚಳಿ ಜ್ವರ, ಪಕ್ಕೆ ನೋವು ಇದ್ರೆ ಸೋಂಕು ಕಿಡ್ನಿಗೆ ಏರಿದೆ ಅಂತ, ಅಲ್ಲಿಗೆ ನೈಟ್ರೋಫ್ಯುರಾಂಟಾಯಿನ್ ಸಾಲಲ್ಲ. ಕಿಡ್ನಿ ವೀಕ್ ಇದ್ದೋರಿಗೂ, ಹೆರಿಗೆ ಹತ್ರ ಬಂದೋರಿಗೂ ಕೊಡಲ್ಲ. ಇನ್ನು ಏನೂ ತೊಂದ್ರೆ ಇಲ್ದೆ "ಪಸ್ ಸೆಲ್ಸ್ ಜಾಸ್ತಿ ಇದೆಯಂತೆ" (ಮೂತ್ರದಲ್ಲಿ ಕೀವಿನ ಕಣ) ಅಂತ ಅಜ್ಜಿಯನ್ನ ಕರ್ಕೊಂಡು ಬರೋ ಮೊಮ್ಮಕ್ಕಳನ್ನ ಕಾಫಿ ಕುಡಿಸಿ ವಾಪಸ್ ಕಳಿಸ್ತೀನಿ.

ನೀರಿನ ವಿಷ್ಯ ಮಾತ್ರ ನಾನು ತಡವಾಗಿ ಕಲಿತಿದ್ದು. 2018ರ ಒಂದು ಅಧ್ಯಯನದಲ್ಲಿ ಪದೇ ಪದೇ ಸೋಂಕಾಗೋ, ನೀರು ಕಮ್ಮಿ ಕುಡಿಯೋ 140 ಹೆಂಗಸ್ರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚಿಗೆ ಕುಡಿಸಿದ್ರು, ವರ್ಷದಲ್ಲಿ ಅವ್ರಿಗೆ ಸರಾಸರಿ 1.7 ಸಲ ಬಂದ್ರೆ ಉಳಿದೋರಿಗೆ 3.2 ಸಲ. ಇದನ್ನ ಓದಿ ಬಂದೋರಿಗೆಲ್ಲ ನೀರು ಕುಡೀರಿ ಅಂತ ಭಾಷಣ ಬಿಗಿಯೋಕೆ ಶುರು ಮಾಡಿದೆ. ಒಬ್ರು ನಕ್ಕು ಹೇಳಿದ್ರು, "ಕುಡಿದ್ರೆ ಏಳ್ಬೇಕಲ್ಲ ಡಾಕ್ಟ್ರೇ, ಎದ್ರೆ ಒಂದು ಡಬ್ಬ ಹೋಯ್ತು, ರಾತ್ರಿ ಹಿತ್ಲಿಗೆ ಟಾರ್ಚ್ ಬೇರೆ ಹಿಡ್ಕೊಂಡು ಹೋಗ್ಬೇಕು."

ಸುಲಿತದ ಕೂಲಿ ಎಷ್ಟು ಡಬ್ಬ ಅಡಿಕೆ ಸುಲಿದ್ರು ಅನ್ನೋ ಲೆಕ್ಕ ಅನ್ನೋದು ನಂಗೆ ಗೊತ್ತಿಲ್ದೇ ಏನಲ್ಲ, ನಮ್ಮನೆ ಅಂಗಳದಲ್ಲೂ ಇದೇ ರೇಟು. ಆ ವರ್ಷ ಅಮ್ಮನ ಹತ್ರ ಜಗಳ ಆಡಿ ಸುಲಿಯೋ ಚಪ್ಪರದಿಂದ ಬಚ್ಚಲ ತನಕ ಲೈಟ್ ಎಳೆಸಿದೆ.