ಹೊಸ ಡಾಂಬರು, 186 ಮತ್ತು 206

2011ರ ಫೆಬ್ರವರಿ, ಫ್ಲಾರಿಡಾದ ಡೇಟೋನಾ. ನನ್ನ ನೋಟ್‌ಬುಕ್‌ನಲ್ಲಿ ಒಂದರ ಕೆಳಗೆ ಒಂದು ಎರಡು ಅಂಕಿ ಬರೆದಿದ್ದೆ. ಶನಿವಾರ ರಾತ್ರಿ 206, ಭಾನುವಾರ 186. ಎರಡೂ ಗಂಟೆಗೆ ಎಷ್ಟು ಮೈಲಿ ಎನ್ನುವ ಲೆಕ್ಕ. ಅದೇ ಟ್ರ್ಯಾಕ್, ಅದೇ ಥರದ ಕಾರುಗಳು, ಅದೇ ಹೊಸ ಡಾಂಬರು. ಹಾಗಿದ್ದರೆ ನಡುವಿನ 20 ಮೈಲಿ ಎಲ್ಲಿಂದ ಬಂತು?

ನಾನು ಆಗ ನಾಸ್ಕಾರ್ ಅನ್ನುವ ಅಮೆರಿಕದ ಕಾರ್ ರೇಸಿಂಗಿನಲ್ಲಿ ಓಡುವ, ನಾರ್ತ್ ಕೆರೊಲಿನಾದ ಒಂದು ತಂಡದಲ್ಲಿ ಎಂಜಿನಿಯರ್. ಟೈರ್ ಮತ್ತು ಸಸ್ಪೆನ್ಷನ್ ನನ್ನ ಪಾಲಿನ ಕೆಲಸ. ದಾವಣಗೆರೆಯಿಂದ ತಮ್ಮ ಫೋನ್ ಮಾಡಿದಾಗ ಕೇಳಿದ: "ಅಣ್ಣಾ, ರಸ್ತೆ ಹೊಸದಾದ್ರೆ ಗಾಡಿ ಜೋರಾಗಿ ಓಡುತ್ತೆ. ಅದಕ್ಕೆ ಅಷ್ಟೊಂದು ಲೆಕ್ಕ ಯಾಕೆ?" ಅವನಿಗೆ ಅವತ್ತು ಸರಿಯಾಗಿ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ.

ಡೇಟೋನಾಗೆ ಪೂರ್ತಿ ಡಾಂಬರು ಹಾಕಿದ್ದು 1978ರ ನಂತರ ಅದೇ ಮೊದಲು. 2010ರ ಡೇಟೋನಾ 500 ರೇಸಿನ ನಡುವೆ ಟ್ರ್ಯಾಕ್‌ನಲ್ಲಿ ಗುಂಡಿ ಬಿದ್ದು, ಎರಡು ಸಲ ರೇಸ್ ನಿಲ್ಲಿಸಬೇಕಾಯಿತು. ತೇಪೆ ಹಾಕೋದರಲ್ಲೇ ಎರಡು ಗಂಟೆಗಿಂತ ಜಾಸ್ತಿ ಹೋಯಿತು. ಆ ವರ್ಷವೇ ಹಳೆಯ ಡಾಂಬರನ್ನು ಕಿತ್ತು ಹೊಸದು ಹಾಕಿದರು. ಅಲ್ಲಿನ ತಿರುವುಗಳು 31 ಡಿಗ್ರಿ ಓರೆ. ಡಾಂಬರು ಹಾಸುವ ಯಂತ್ರ ಜಾರಿ ಕೆಳಗೆ ಬರದಂತೆ ಮೇಲಿನಿಂದ ಇನ್ನೊಂದು ಯಂತ್ರ ಅದನ್ನು ಕೇಬಲ್ ಕಟ್ಟಿ ಹಿಡಿದಿರಬೇಕು. ಒಂದು ಅಂಚು ಏರುಪೇರಾದರೂ ಮುಂದೆ ಅದು ಕಾರನ್ನು ಎತ್ತಿಹಾಕುತ್ತದೆ. ಆ ಕೆಲಸ ಮಾಡಿದವರ ಬಗ್ಗೆ ನನಗೆ ತುಂಬಾ ಗೌರವ.

ಈಗ ಆ ಎರಡು ಅಂಕಿಗಳ ವಿಷಯ. ಭಾನುವಾರದ 186 ಅಂದರೆ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಒಂಟಿಯಾಗಿ ಓಡಿಸಿ ಪೋಲ್, ಅಂದರೆ ರೇಸಿನಲ್ಲಿ ಎಲ್ಲರಿಗಿಂತ ಮುಂದಿನಿಂದ ಹೊರಡುವ ಜಾಗ, ಗೆದ್ದ ವೇಗ, 186.089. ಹಿಂದಿನ ವರ್ಷ ಹಳೆಯ, ಬಿರುಕು ಬಿಟ್ಟ ಡಾಂಬರಿನ ಮೇಲೆ ಮಾರ್ಕ್ ಮಾರ್ಟಿನ್ 191.188ರಲ್ಲಿ ಪೋಲ್ ಗೆದ್ದಿದ್ದರು. ಅಂದರೆ ರಸ್ತೆ ಹೊಸದಾದ ಮೇಲೆ ವೇಗ ಕಡಿಮೆಯಾಗಿತ್ತು!

ಕಾರಣ ಎಂಜಿನ್ನಿನಲ್ಲಿದೆ. 1987ರಲ್ಲಿ ಟ್ಯಾಲಡೇಗಾ ಅನ್ನುವ ಇನ್ನೊಂದು ಟ್ರ್ಯಾಕ್‌ನಲ್ಲಿ ಬಿಲ್ ಎಲಿಯಟ್ 212.809 ಮೈಲಿ ವೇಗದಲ್ಲಿ ಪೋಲ್ ಗೆದ್ದರು. ಅದೇ ರೇಸಿನಲ್ಲಿ ಬಾಬಿ ಆಲಿಸನ್ ಕಾರು ಮೇಲಕ್ಕೆದ್ದು ಪ್ರೇಕ್ಷಕರ ಮುಂದಿನ ಬೇಲಿಗೆ ಬಡಿಯಿತು. 1988ರಿಂದ ಈ ಎರಡು ಟ್ರ್ಯಾಕ್‌ಗಳಲ್ಲಿ ಕಾರ್ಬ್ಯುರೇಟರ್ ಕೆಳಗೆ ನಾಲ್ಕು ತೂತಿನ ಒಂದು ಪ್ಲೇಟ್ ಕೂರಿಸುವುದು ಕಡ್ಡಾಯವಾಯಿತು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಅದು ಕಟ್ಟಿಹಾಕುತ್ತಿತ್ತು. ಒಂಟಿ ಕಾರಾದರೆ ಚಾಲಕ ಇಡೀ ಸುತ್ತು ಆಕ್ಸಿಲರೇಟರ್‌ನಿಂದ ಕಾಲೇ ತೆಗೆಯುವುದಿಲ್ಲ. ತಿರುವಿನಲ್ಲಿ ಹಿಡಿತ ಮೊದಲೇ ಸಾಕಷ್ಟಿದ್ದಾಗ, ಇನ್ನಷ್ಟು ಹಿಡಿತ ಕೊಟ್ಟರೆ ಏನು ಲಾಭ? 2011ರಲ್ಲಿ ಪ್ಲೇಟಿನ ತೂತು 2010ಕ್ಕಿಂತ ಚಿಕ್ಕದಾಗಿತ್ತು. ಅದಕ್ಕೇ ವೇಗ ಇಳಿದಿತ್ತು.

206 ಬಂದದ್ದು ಎರಡು ಕಾರು ಸೇರಿದಾಗ. ಹಿಂದಿನ ಕಾರಿನ ಮೂತಿ ಮುಂದಿನದರ ಬಂಪರಿಗೆ ಅಂಟಿಕೊಂಡರೆ ಎರಡೂ ಸೇರಿ ಒಂದು ಉದ್ದನೆಯ ಕಾರಿನ ಹಾಗೆ ಗಾಳಿ ಸೀಳುತ್ತವೆ. ಎಂಜಿನ್ ಎರಡು, ಗಾಳಿಯ ತಡೆ ಹೆಚ್ಚುಕಮ್ಮಿ ಒಂದರದ್ದು. ಹಳೆಯ ಡಾಂಬರಿನ ಮೇಲೆ ಇದನ್ನು ತಿರುವಿನಲ್ಲಿ ಮಾಡಲು ಆಗುತ್ತಿರಲಿಲ್ಲ. ಉಬ್ಬು ಸಿಕ್ಕ ಕೂಡಲೇ ಹಿಂದಿನವನ ತಳ್ಳು ಮುಂದಿನವನನ್ನು ತಿರುಗಿಸಿಬಿಡುತ್ತಿತ್ತು. ಹೊಸದು ನುಣುಪಾಗಿತ್ತು, ಹಾಗಾಗಿ ಸುತ್ತಿಗೆ ಸುತ್ತು ಅಂಟಿಕೊಂಡೇ ಓಡಬಹುದಿತ್ತು. ಒಂಟಿ ಕಾರಿಗೆ ಏನೂ ಕೊಡದ ಡಾಂಬರು ಜೋಡಿ ಕಾರಿಗೆ 20 ಮೈಲಿ ಕೊಟ್ಟಿತು.

ಆದರೆ ಹಿಂದಿನ ಕಾರಿನ ರೇಡಿಯೇಟರ್‌ಗೆ ಗಾಳಿಯೇ ಸಿಗುವುದಿಲ್ಲ. ನೀರಿನ ಶಾಖ ಏರುತ್ತಲೇ ಹೋಗುತ್ತದೆ. ಆಗ ಜಾಗ ಅದಲುಬದಲು ಮಾಡಲೇಬೇಕು. ಈ ವೇಗ ತಗ್ಗಿಸಲು ನಾಸ್ಕಾರ್ ಹಿಡಿದದ್ದು ಇದೇ ಜುಟ್ಟನ್ನು. ಮುಂಭಾಗದ ಗಾಳಿಕಿಂಡಿ ಚಿಕ್ಕದು ಮಾಡಿಸಿದರು, ಪ್ಲೇಟಿನ ತೂತನ್ನು ಇಂಚಿನ 64ನೇ ಒಂದು ಭಾಗದಷ್ಟು ಇಳಿಸಿದರು. ಆ ವರ್ಷದ ಡೇಟೋನಾ 500 ರೇಸಿನಲ್ಲಿ 22 ಚಾಲಕರ ನಡುವೆ 74 ಸಲ ಮುನ್ನಡೆ ಕೈ ಬದಲಾಯಿತು. ಗೆದ್ದದ್ದು ಹಿಂದಿನ ದಿನವಷ್ಟೇ 20 ತುಂಬಿದ್ದ ಟ್ರೆವರ್ ಬೇಯ್ನ್.

ಮಿಶಿಗನ್ ಕಲಿಸಿದ್ದು ಬೇರೆಯೇ ಪಾಠ. ಅಲ್ಲಿ 2012ರಲ್ಲಿ ಹೊಸ ಡಾಂಬರು ಬಂತು. 2 ಮೈಲಿಯ ಟ್ರ್ಯಾಕ್, 18 ಡಿಗ್ರಿ ಓರೆ, ಪ್ಲೇಟ್ ಇಲ್ಲ. ಅಲ್ಲಿ ತಿರುವಿಗೆ ಮುಂಚೆ ಕಾಲು ಎತ್ತಲೇಬೇಕು. ಎಷ್ಟು ತಡವಾಗಿ ಎತ್ತುತ್ತೀರಿ, ಎಷ್ಟು ಬೇಗ ಮತ್ತೆ ಒತ್ತುತ್ತೀರಿ ಅನ್ನೋದೇ ವೇಗ. ಹಾಗಾಗಿ ಹಿಡಿತ ಹೆಚ್ಚಾದದ್ದೆಲ್ಲ ನೇರವಾಗಿ ಗಡಿಯಾರದಲ್ಲಿ ಕಂಡಿತು. ಮಾರ್ಕಸ್ ಆಂಬ್ರೋಸ್ 203.241ರಲ್ಲಿ ಪೋಲ್ ಗೆದ್ದರು. ಅದಕ್ಕೂ ಮುಂಚಿನ ಟ್ರ್ಯಾಕ್ ದಾಖಲೆ 2005ರ 194.232.

ನಾನು ತಪ್ಪು ಮಾಡಿದ್ದು ಅಲ್ಲೇ. ಗುರುವಾರದ ಓಟ ಮುಗಿದು ಟೈರ್ ಬಿಚ್ಚಿದರು. ನಮ್ಮ ಟೈರ್ ಹುಡುಗ ಹೀಟ್ ಗನ್ನಿನಿಂದ ಬಿಸಿ ಮಾಡುತ್ತಾ, ಅಂಟಿಕೊಂಡ ರಬ್ಬರ್ ಚೂರುಗಳನ್ನು ಹೆರೆಯುವ ಪಟ್ಟಿಯಿಂದ ಕೆರೆದು ತೆಗೆದ. ಟೈರಿನ ಮೈಮೇಲಿನ ಸಣ್ಣ ತೂತುಗಳಿಗೆ ಗೇಜ್ ಇಳಿಸಿ ಆಳ ಓದುತ್ತಾ ಹೋದ. ಸವೆತ ಇಲ್ಲವೇ ಇಲ್ಲ ಅನ್ನುವಷ್ಟು. ನನಗೆ ಖುಷಿಯೋ ಖುಷಿ. ಟೈರ್ ಎಷ್ಟು ಸುತ್ತು ಬೇಕಾದರೂ ಬರುತ್ತದೆ ಅಂತ ನಮ್ಮ ತಂಡದ ಮುಖ್ಯಸ್ಥ ಕ್ರೂ ಚೀಫ್‌ಗೆ ಹೇಳಿಬಿಟ್ಟೆ.

ಹುಡುಗ ಮಾತಾಡದೆ ಎಡಗಡೆಯ ಟೈರನ್ನು ಬೆಳಕಿಗೆ ತಿರುಗಿಸಿದ. ರಬ್ಬರಿನ ಮೈಮೇಲೆ ಬೆರಳ ತುದಿಯಷ್ಟು ಕುಳಿಗಳು, ಬೊಬ್ಬೆ ಒಡೆದ ಹಾಗೆ. ಒಂದರಲ್ಲಿ ಬೆರಳಿಟ್ಟೆ, ಒಳಗೆ ಇನ್ನೂ ಅಂಟಂಟಾಗಿತ್ತು.

ರಬ್ಬರ್ ಸವೆಯುವಾಗ ಬಿಸಿಯನ್ನೂ ತನ್ನ ಜೊತೆ ಒಯ್ಯುತ್ತದೆ. ಸವೆದು ತೆಳುವಾದ ಟೈರ್ ಬೇಗ ತಣ್ಣಗೂ ಆಗುತ್ತದೆ. ಸವೆಯದ ಟೈರ್ ದಪ್ಪಗೇ ಉಳಿಯುತ್ತದೆ, ಬಿಸಿ ಒಳಗೇ ಕೂತು ರಬ್ಬರನ್ನು ಬೇಯಿಸುತ್ತದೆ. ಮೇಲಿಂದ ವೇಗವೂ ಜಾಸ್ತಿ. ಸವೆತವಿಲ್ಲ ಅನ್ನೋದನ್ನು ನಾನು ಆರೋಗ್ಯ ಅಂತ ಓದಿದ್ದೆ, ಅದು ಜ್ವರದ ಲಕ್ಷಣವಾಗಿತ್ತು. ನಮ್ಮದೊಂದೇ ತಂಡದ ಪಾಡಲ್ಲ ಇದು. ವಾರಾಂತ್ಯದ ಮಧ್ಯದಲ್ಲೇ ಗುಡ್‌ಇಯರ್ ಎಲ್ಲರಿಗೂ ಎಡಗಡೆಗೆ ಬೇರೆ ಟೈರ್ ತರಿಸಿಕೊಟ್ಟಿತು. ಶನಿವಾರ ಸಂಜೆ ಹೆಚ್ಚುವರಿ ಪ್ರಾಕ್ಟೀಸ್ ಇಟ್ಟರು. ಆ ಸಂಜೆ ನಾನು ಕ್ರೂ ಚೀಫ್ ಹತ್ತಿರ ಹೋಗಿ ನನ್ನ ಮಾತನ್ನು ವಾಪಸ್ ತಗೊಂಡೆ. ಅವರು ಬೈಯಲಿಲ್ಲ. "ಇನ್ನು ಗೇಜ್ ಜೊತೆ ಶಾಖವನ್ನೂ ಬರೆ" ಅಂದರು, ಅಷ್ಟೇ.

ವೇಗ ಹೆಚ್ಚಿತು, ಆದರೆ ಓವರ್‌ಟೇಕ್ ಕಷ್ಟವಾಯಿತು. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಹಳೆಯ ಡಾಂಬರಿನಲ್ಲಿ ಜಲ್ಲಿಯ ಮೊನೆಗಳು ಮೇಲೆದ್ದು ಟೈರನ್ನು ಉಜ್ಜು ಕಾಗದದ ಹಾಗೆ ತಿನ್ನುತ್ತವೆ. ಇಪ್ಪತ್ತು ಸುತ್ತಿನ ನಂತರ ಟೈರ್ ಕಾಪಾಡಿಕೊಂಡವನು ಮುಂದೆ, ದುಂದು ಮಾಡಿದವನು ಹಿಂದೆ. ಚಾಲಕನ ಜಾಣ್ಮೆ ಕಾಣುವುದೇ ಅಲ್ಲಿ. ಹೊಸದರಲ್ಲಿ ಎಲ್ಲರಿಗೂ ಒಂದೇ ಹಿಡಿತ, ಒಂದೇ ಸಾಲು. ಬಿಸಿಲು, ಮಳೆ, ಹಿಮ ತಿಂದು ಡಾಂಬರು ಕಪ್ಪಿನಿಂದ ಬೂದಿ ಬಣ್ಣಕ್ಕೆ ತಿರುಗುವವರೆಗೂ ಕಾಯಬೇಕು. ಮಿಶಿಗನ್ ಅಷ್ಟು ಬೇಗ ಹಣ್ಣಾಗಲಿಲ್ಲ. ಎರಡು ವರ್ಷದ ನಂತರ, 2014ರ ಆಗಸ್ಟ್‌ನಲ್ಲೂ ಜೆಫ್ ಗೋರ್ಡನ್ 206.558ರಲ್ಲಿ ಪೋಲ್ ಗೆದ್ದರು. ಈ 206 ಒಂಟಿ ಕಾರಿನದು.

ಈಗಲೂ ಹೊಸ ಡಾಂಬರು ಹಾಕಿದ ಟ್ರ್ಯಾಕ್‌ಗೆ ಹೋದರೆ ಮೊದಲು ತಿರುವಿನ ಮೇಲಕ್ಕೆ ನಡೆದು ಅಂಗೈ ಇಟ್ಟು ನೋಡುತ್ತೇನೆ. ಜಲ್ಲಿ ಚುಚ್ಚುತ್ತದೋ, ಬರೀ ಟಾರಿನ ನುಣುಪೋ ಅಂತ. ಆಮೇಲೆ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆಯುತ್ತೇನೆ, ಒಂದು ಸವೆತಕ್ಕೆ, ಇನ್ನೊಂದು ಶಾಖಕ್ಕೆ.