ಟಾಂಕಿಯ ಬಿರಡೆ ತೆಗೆಯುವವರು ಯಾರು?

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಜೀವಶಾಸ್ತ್ರ ಟೀಚರ್. ಹತ್ತನೇ ಕ್ಲಾಸಿಗೆ ಪ್ರತಿ ವರ್ಷ ನರಕೋಶದ ಪಾಠ. ಚಿತ್ರ ಬರೆಸಿ, ಭಾಗ ಗುರುತಿಸಿದರೆ ಮುಗಿಯಿತು. ಹೋದ ವರ್ಷ ಹಿಂದಿನ ಬೆಂಚಿನ ಹುಡುಗ ಕೇಳಿದ: "ಟೀಚರ್, ಇದಕ್ಕೆ ಊಟ ಎಲ್ಲಿಂದ?"

"ರಕ್ತದಿಂದ" ಅಂದೆ. ಬೆಲ್ ಹೊಡೆದದ್ದು ನನ್ನ ಪುಣ್ಯ.

ದೇಹದ ತೂಕದಲ್ಲಿ ಮಿದುಳು ಶೇ. 2ರಷ್ಟು ಮಾತ್ರ. ಸುಮ್ನೆ ಕೂತಿದ್ದರೂ ಶಕ್ತಿಯಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಆದರೂ ನರಕೋಶ ಹೆಚ್ಚೇನೂ ಕೂಡಿಡುವುದಿಲ್ಲ. ಪಕ್ಕದ ಆಸ್ಟ್ರೋಸೈಟ್ ಎಂಬ ಸಹಾಯಕ ಕೋಶ ರಕ್ತನಾಳಕ್ಕೆ ಕಾಲು ತಾಗಿಸಿ ಗ್ಲೂಕೋಸ್ ಎಳೆಯುತ್ತದೆ, ಸ್ವಲ್ಪವನ್ನು ಗ್ಲೈಕೋಜನ್ ಮಾಡಿ ಇಟ್ಟುಕೊಳ್ಳುತ್ತದೆ.

ಮರುದಿನ ಬೋರ್ಡಿನಲ್ಲಿ ಸುರಂಗ ಬರೆದೆ. ನಮ್ಮ ಕಡೆಯ ಮಕ್ಕಳಿಗೆ ಅದನ್ನು ವಿವರಿಸಬೇಕಾಗಿಲ್ಲ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗ ರಕ್ತನಾಳ, ಅದರ ಬಾಯಲ್ಲಿರುವ ಟಾಂಕಿ ಆಸ್ಟ್ರೋಸೈಟ್, ಕೆಳಗಿನ ಅಡಿಕೆ ಮರ ನರಕೋಶ. ಹೋಲಿಕೆ ನನಗೇ ಖುಷಿ ಕೊಟ್ಟಿತು. ಆಗ ಒಬ್ಬಳು ಎದ್ದಳು. "ನಮ್ಮಲ್ಲಿ ಟಾಂಕಿಯ ಬಿರಡೆ ತೆಗೆಯುವುದು ಅಜ್ಜ. ಮಿದುಳಲ್ಲಿ ಯಾರು ಟೀಚರ್?"

ನಾನು ಹೇಳಬೇಕಾದದ್ದು ಅದೇ ಆಗಿತ್ತು. ನರಕೋಶ ಸುದ್ದಿ ಕಳಿಸುವಾಗ ಗ್ಲುಟಮೇಟ್ ಎಂಬ ಸುದ್ದಿ ಒಯ್ಯುವ ರಾಸಾಯನಿಕ ಚೆಲ್ಲುತ್ತದೆ. ಆಸ್ಟ್ರೋಸೈಟ್ ಅದನ್ನು ಬಾಚಿಕೊಳ್ಳುವಾಗ ಸೋಡಿಯಂ ಕೂಡ ಒಳಗೆ ಬರುತ್ತದೆ. ಸೋಡಿಯಂ ಹೊರಗೆ ಹಾಕಲು ಎಟಿಪಿ, ಅಂದರೆ ಕೋಶದ ಶಕ್ತಿಯ ನಾಣ್ಯ, ಖರ್ಚು. ಖರ್ಚಾದ ಹಾಗೆ ಗ್ಲೂಕೋಸ್ ಒಡೆಯುವುದು ಜಾಸ್ತಿಯಾಗಿ ಲ್ಯಾಕ್ಟೇಟ್, ಅಂದರೆ ಅರ್ಧ ಒಡೆದ ಗ್ಲೂಕೋಸಿನ ತುಣುಕು, ಹೊರಬರುತ್ತದೆ. ಅದನ್ನು ನರಕೋಶ ಉರಿಸಿಕೊಳ್ಳುತ್ತದೆ. ಅಜ್ಜ ಬೇಡ, ಮರದ ಬಾಯಾರಿಕೆಯೇ ಬಿರಡೆ ತೆಗೆಯುತ್ತದೆ. ಪೆಲೆರಿನ್ ಮತ್ತು ಮ್ಯಾಜಿಸ್ಟ್ರೆಟ್ಟಿ ಎಂಬ ವಿಜ್ಞಾನಿಗಳು 1994ರಲ್ಲಿ ಮುಂದಿಟ್ಟ ವಿವರಣೆ ಇದು.

ಅವಳು ಕೂರಲಿಲ್ಲ. "ಟಾಂಕಿಗೆ ಬರುವುದೂ ನೀರು, ಹೋಗುವುದೂ ನೀರು. ಇಲ್ಲಿ ಬಂದದ್ದೇ ಬೇರೆ, ಹೋದದ್ದೇ ಬೇರೆ ಅಲ್ವಾ?"

ಹೌದು. ಚಾಕ್ ಕೆಳಗಿಟ್ಟು ದೋಸೆಗೆ ಬಂದೆ. ಪಕ್ಕದ ಮನೆಯವರು ಅಕ್ಕಿ ನೆನೆಹಾಕಿ, ಅರೆದು, ಹಿಟ್ಟು ಕೊಟ್ಟರು ಅಂತ ಇಟ್ಟುಕೊಳ್ಳಿ. ನಾವು ಎರೆದರಾಯಿತು. ಲ್ಯಾಕ್ಟೇಟ್ ಆ ಹಿಟ್ಟು. ಕಾವಲಿ ಮಾತ್ರ ನರಕೋಶದ್ದೇ, ಕೋಶದೊಳಗೆ ಶಕ್ತಿ ತಯಾರಿಸುವ ಅದರ ಮೈಟೊಕಾಂಡ್ರಿಯ. ಎಟಿಪಿಯ ದೊಡ್ಡ ಪಾಲು ಸಿಗುವುದು ಅಲ್ಲೇ. ಹಿಂದಿನ ಬೆಂಚಿನವನಿಗೆ ಇದು ತಕ್ಷಣ ಹಿಡಿಸಿತು, ಊಟದ ವಿಷಯ ನೋಡಿ.

ಈ ವರ್ಷ ಅದೇ ಸುರಂಗದ ಚಿತ್ರಕ್ಕೆ ಇನ್ನೊಂದು ಪೈಪು ಸೇರಿಸಿದ್ದೇನೆ, ಟಾಂಕಿ ಬಿಟ್ಟು ನೇರ ಮರದ ಬುಡಕ್ಕೆ. ನರಕೋಶ ತಾನೂ ಗ್ಲೂಕೋಸ್ ತೆಗೆದುಕೊಳ್ಳುತ್ತದಲ್ಲ. ಯಾವ ಪೈಪಿನಲ್ಲಿ ನೀರು ಜಾಸ್ತಿ ಎಂಬ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಪರೀಕ್ಷೆಗೆ ಬರುವುದಿಲ್ಲ ಎಂದು ಮೊದಲೇ ಹೇಳಿ ಬರೆಸಿದೆ. ಎಲ್ಲರೂ ಬರೆದುಕೊಂಡರು.